ವಿಶೇಷ ಶಿಕ್ಷಣ ಮೌಲ್ಯಮಾಪನ (ಅಮೇರಿಕ ಸಂಯುಕ್ತ ಸಂಸ್ಥಾನ)

ವಿಶೇಷ ಶಿಕ್ಷಣ ಮೌಲ್ಯಮಾಪನ ಎಂಬುದು ಅಮೇರಿಕ ಸಂಯುಕ್ತ ಸಂಸ್ಥಾನದ ಸಾರ್ವಜನಿಕ ಶಾಲೆಗಳಲ್ಲಿ ಒಂದು ಮಗುವಿಗೆ ಅಂಗವೈಕಲ್ಯವಿದೆಯೇ, ಅದರಿಂದಾಗಿ ವಿಶೇಷ ಶಿಕ್ಷಣ ಅಗತ್ಯವೇ ಎಂಬುದನ್ನು ತೀರ್ಮಾನಿಸಲು ನಡೆಸುವ ಶಾಸನಬದ್ಧ ಪರಿಶೀಲನೆಯಾಗಿದೆ. ಆಟಿಸಂ, ಬೌದ್ಧಿಕ ಅಸಾಮರ್ಥ್ಯ ಮೊದಲಾದ ಬೆಳವಣಿಗೆಯ ನ್ಯೂನತೆಗಳಿರುವ ಮಕ್ಕಳಿಗೆ ಶಾಲೆಯಲ್ಲಿ ದೊರೆಯುವ ಬಹುತೇಕ ನೆರವು ಈ ಮೌಲ್ಯಮಾಪನವನ್ನೇ ಅವಲಂಬಿಸಿದೆ. ಇದನ್ನು ಅಂಗವೈಕಲ್ಯವುಳ್ಳವರ ಶಿಕ್ಷಣ ಕಾಯಿದೆ (ಐಡಿಇಎ) ನಿಯಂತ್ರಿಸುತ್ತದೆ. ಪೋಷಕರು ಇದಕ್ಕೆ ಯಾವುದೇ ಶುಲ್ಕ ತೆರಬೇಕಾಗಿಲ್ಲ.

ಹಿನ್ನೆಲೆ

೧೯೭೦ರ ದಶಕದ ಆರಂಭದವರೆಗೂ ಹಲವು ರಾಜ್ಯಗಳು ಬೌದ್ಧಿಕ ಅಸಾಮರ್ಥ್ಯವಿರುವ ಮಕ್ಕಳನ್ನು ಶಾಲೆಯಿಂದ ಹೊರಗಿಡಲು ಅವಕಾಶ ನೀಡಿದ್ದವು. ಪೆನ್ಸಿಲ್ವೇನಿಯಾ ಮತ್ತು ವಾಷಿಂಗ್ಟನ್ ಡಿ.ಸಿ.ಗೆ ಸಂಬಂಧಿಸಿದ ಎರಡು ಮೊಕದ್ದಮೆಗಳು 1972ರಲ್ಲಿ ಮಕ್ಕಳ ಪರವಾಗಿ ಮುಗಿದ ನಂತರ, 1975ರಲ್ಲಿ ಎಲ್ಲ ಅಂಗವಿಕಲ ಮಕ್ಕಳ ಶಿಕ್ಷಣ ಕಾಯಿದೆ ಜಾರಿಗೆ ಬಂದಿತು. 1990ರಲ್ಲಿ ಇದು ಈಗಿನ ಹೆಸರನ್ನು ಪಡೆಯಿತು.

ಮಕ್ಕಳನ್ನು ಹೊರಗಿಡುವುದರಷ್ಟೇ ಗಂಭೀರವಾಗಿದ್ದ ಇನ್ನೊಂದು ಸಮಸ್ಯೆ ತಪ್ಪು ವರ್ಗೀಕರಣ. ಕ್ಯಾಲಿಫೋರ್ನಿಯಾದಲ್ಲಿ ಮನೆಯಲ್ಲಿ ಸ್ಪ್ಯಾನಿಷ್ ಮಾತನಾಡುವ ಮಕ್ಕಳಿಗೆ ಇಂಗ್ಲಿಷಿನಲ್ಲಿ ಬುದ್ಧಿಮತ್ತೆ ಪರೀಕ್ಷೆ ನೀಡಿ, ಬೌದ್ಧಿಕ ಅಸಾಮರ್ಥ್ಯದ ತರಗತಿಗಳಿಗೆ ಸೇರಿಸಲಾಗಿತ್ತು. ಅವರ ಭಾಷೆಯಲ್ಲೇ ಮರುಪರೀಕ್ಷಿಸಿದಾಗ ಬಹುತೇಕರ ಅಂಕಗಳು ಏರಿದವು. ಈ ಕುರಿತ ಡಯಾನಾ ಮೊಕದ್ದಮೆಯು (1970) ರಾಜಿಯಲ್ಲಿ ಮುಗಿಯಿತು. ಒಂದೇ ಪರೀಕ್ಷೆಯ ಅಥವಾ ಒಂದೇ ಅಂಕದ ಆಧಾರದ ಮೇಲೆ ಮಗುವಿನ ಅರ್ಹತೆಯನ್ನು ನಿರ್ಧರಿಸಬಾರದು, ಪರೀಕ್ಷೆಗಳು ಜನಾಂಗೀಯ ಅಥವಾ ಸಾಂಸ್ಕೃತಿಕ ಪಕ್ಷಪಾತದಿಂದ ಮುಕ್ತವಾಗಿರಬೇಕು ಎಂಬ ಈಗಿನ ನಿಯಮಗಳ ಹಿಂದೆ ಇಂತಹ ಅನುಭವಗಳಿವೆ.

ಪ್ರಕ್ರಿಯೆ

ಅಂಗವೈಕಲ್ಯವಿರಬಹುದಾದ ಮಕ್ಕಳನ್ನು ಗುರುತಿಸುವುದು ಶಾಲಾ ಆಡಳಿತದ ಕರ್ತವ್ಯ. ಆದರೂ ಪೋಷಕರು ತಾವೇ ಮೌಲ್ಯಮಾಪನವನ್ನು ಕೋರಬಹುದು. ಬಾಯಿಮಾತಿನ ಕೋರಿಕೆ ಕಡತದಲ್ಲಿ ಉಳಿಯುವುದಿಲ್ಲವಾದ್ದರಿಂದ, ದಿನಾಂಕ ಸಹಿತ ಪತ್ರ ಬರೆದು ಪ್ರತಿಯನ್ನು ಇಟ್ಟುಕೊಳ್ಳುವುದು ರೂಢಿ. ಶಾಲೆಯು ಕೋರಿಕೆಯನ್ನು ನಿರಾಕರಿಸುವುದಾದರೆ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕು. ಮೊದಲು ತರಗತಿಯಲ್ಲಿ ಹೆಚ್ಚುವರಿ ಪಾಠ ಹೇಳಿ ನೋಡೋಣ ಎಂಬ ನೆಪದಿಂದ ಮೌಲ್ಯಮಾಪನವನ್ನು ಮುಂದೂಡುವಂತಿಲ್ಲವೆಂದು ಕೇಂದ್ರ ಶಿಕ್ಷಣ ಇಲಾಖೆ 2011ರಲ್ಲಿ ಸ್ಪಷ್ಟಪಡಿಸಿದೆ.

ಪೋಷಕರ ಲಿಖಿತ ಒಪ್ಪಿಗೆ ದೊರೆತ ದಿನದಿಂದ 60 ದಿನಗಳಲ್ಲಿ, ಅಥವಾ ರಾಜ್ಯವು ಬೇರೆ ಗಡುವನ್ನು ನಿಗದಿಪಡಿಸಿದ್ದರೆ ಅದರೊಳಗೆ, ಮೌಲ್ಯಮಾಪನ ಮುಗಿಯಬೇಕು. ಗಡುವು ಕೋರಿಕೆಯ ದಿನದಿಂದಲ್ಲ, ಒಪ್ಪಿಗೆಯ ದಿನದಿಂದ ಆರಂಭವಾಗುತ್ತದೆ; ಅನೇಕ ಕುಟುಂಬಗಳು ವಾರಗಟ್ಟಲೆ ಕಾಲವನ್ನು ಕಳೆದುಕೊಳ್ಳುವುದು ಇಲ್ಲಿಯೇ. ಮೌಲ್ಯಮಾಪನಕ್ಕೆ ನೀಡಿದ ಒಪ್ಪಿಗೆಯನ್ನು ವಿಶೇಷ ಶಿಕ್ಷಣಕ್ಕೆ ಸೇರಿಸಲು ನೀಡಿದ ಒಪ್ಪಿಗೆಯೆಂದು ಪರಿಗಣಿಸುವಂತಿಲ್ಲ.

ಶಾಲಾ ಮನಶ್ಶಾಸ್ತ್ರಜ್ಞರು, ವಾಕ್ ಚಿಕಿತ್ಸಕರು, ಅಗತ್ಯವಿದ್ದಲ್ಲಿ ಔದ್ಯೋಗಿಕ ಚಿಕಿತ್ಸಕರು ಮಗುವನ್ನು ಪರೀಕ್ಷಿಸುತ್ತಾರೆ. ತರಗತಿಯಲ್ಲಿನ ವೀಕ್ಷಣೆ ಮತ್ತು ಶಿಕ್ಷಕರ ಅಭಿಪ್ರಾಯದ ಜೊತೆಗೆ ಪೋಷಕರು ನೀಡುವ ಮಾಹಿತಿಯೂ ಮೌಲ್ಯಮಾಪನದ ಭಾಗ. ಬಟ್ಟೆ ತೊಡುವುದು, ಊಟ ಮಾಡುವುದು, ಇತರರೊಡನೆ ಬೆರೆಯುವುದು ಮೊದಲಾದ ದೈನಂದಿನ ಕೌಶಲಗಳನ್ನು ವೈನ್‌ಲ್ಯಾಂಡ್ ಮಾಪಕದಂತಹ ಸಾಧನಗಳಿಂದ ಅಳೆಯಲಾಗುತ್ತದೆ.

ಅರ್ಹತೆ

ವೈದ್ಯರ ರೋಗನಿರ್ಣಯವೊಂದರಿಂದಲೇ ಮಗು ಅರ್ಹತೆ ಪಡೆಯುವುದಿಲ್ಲ. ಕಾಯಿದೆಯು ಹೆಸರಿಸುವ 13 ವರ್ಗಗಳಲ್ಲಿ ಒಂದಕ್ಕೆ ಮಗು ಸೇರಬೇಕು ಮತ್ತು ಆ ಕಾರಣದಿಂದ ವಿಶೇಷ ಶಿಕ್ಷಣ ಅಗತ್ಯವಾಗಿರಬೇಕು. 3ರಿಂದ 9 ವರ್ಷದೊಳಗಿನವರಿಗೆ ‘ಬೆಳವಣಿಗೆಯ ವಿಳಂಬ’ ಎಂಬ ವರ್ಗವನ್ನು ಬಳಸಲು ರಾಜ್ಯಗಳಿಗೆ ಅವಕಾಶವಿದೆ. ಮಗು ಪ್ರತಿ ವರ್ಷ ಉತ್ತೀರ್ಣವಾಗುತ್ತಿದೆ ಎಂಬುದು ನಿರಾಕರಣೆಗೆ ಸಾಕಾಗುವ ಕಾರಣವಲ್ಲ. ಅರ್ಹತೆ ದೃಢಪಟ್ಟರೆ 30 ದಿನಗಳಲ್ಲಿ ವೈಯಕ್ತಿಕ ಶಿಕ್ಷಣ ಯೋಜನೆಯನ್ನು (ಐಇಪಿ) ರೂಪಿಸುವ ಸಭೆ ನಡೆಯಬೇಕು. ಅರ್ಹರಲ್ಲವೆಂದು ತೀರ್ಮಾನಿಸಲಾದ ಕೆಲವು ಮಕ್ಕಳಿಗೆ 1973ರ ಪುನರ್ವಸತಿ ಕಾಯಿದೆಯ 504ನೇ ವಿಧಿಯಡಿ ಅನುಕೂಲತೆಗಳು ದೊರೆಯಬಹುದು.

ಭಿನ್ನಾಭಿಪ್ರಾಯ

ವರದಿಯ ಪ್ರತಿಯನ್ನು ಪೋಷಕರಿಗೆ ಉಚಿತವಾಗಿ ನೀಡಬೇಕು. ಶಾಲೆಯ ಮೌಲ್ಯಮಾಪನವನ್ನು ಒಪ್ಪದ ಪೋಷಕರು ಸಾರ್ವಜನಿಕ ವೆಚ್ಚದಲ್ಲಿ ಸ್ವತಂತ್ರ ತಜ್ಞರ ಮೌಲ್ಯಮಾಪನವನ್ನು ಕೇಳಬಹುದು. ಆಗ ಶಾಲಾ ಆಡಳಿತಕ್ಕೆ ಉಳಿಯುವುದು ಎರಡೇ ದಾರಿ: ವೆಚ್ಚವನ್ನು ಭರಿಸುವುದು, ಇಲ್ಲವೇ ತನ್ನ ಮೌಲ್ಯಮಾಪನ ಸಮರ್ಪಕವಾಗಿದೆಯೆಂದು ವಿಚಾರಣಾಧಿಕಾರಿಯ ಮುಂದೆ ಸಾಧಿಸಲು ಮುಂದಾಗುವುದು.

ನಿಯಮಗಳಿದ್ದರೂ ಅವು ಪಾಲನೆಯಾಗದ ನಿದರ್ಶನಗಳಿವೆ. ಟೆಕ್ಸಾಸ್ ರಾಜ್ಯವು 2004ರಲ್ಲಿ ವಿಶೇಷ ಶಿಕ್ಷಣದಲ್ಲಿರುವ ಮಕ್ಕಳ ಪ್ರಮಾಣಕ್ಕೆ ಶೇ. 8.5ರ ಗುರಿಯನ್ನು ಇರಿಸಿತ್ತು. ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ 2016ರಲ್ಲಿ ಇದನ್ನು ಬಯಲಿಗೆಳೆಯಿತು. ರಾಜ್ಯವು ಕಾಯಿದೆಯನ್ನು ಉಲ್ಲಂಘಿಸಿದೆಯೆಂದು ಕೇಂದ್ರ ಶಿಕ್ಷಣ ಇಲಾಖೆ 2018ರಲ್ಲಿ ತೀರ್ಮಾನಿಸಿತು.

ಮನೆಮಾತು

ಸಾಧ್ಯವಿದ್ದಷ್ಟೂ ಮಗುವಿನ ಭಾಷೆಯಲ್ಲೇ ಪರೀಕ್ಷೆ ನಡೆಸಬೇಕೆಂಬ ನಿಯಮ ಅಲ್ಲಿನ ಕನ್ನಡ ಕುಟುಂಬಗಳಿಗೂ ಅನ್ವಯಿಸುತ್ತದೆ. ಇಂಗ್ಲಿಷ್ ಸಾಕಷ್ಟು ಬಾರದಿರುವುದೇ ಹಿಂದುಳಿಯಲು ಮುಖ್ಯ ಕಾರಣವಾಗಿದ್ದರೆ ಮಗುವನ್ನು ಅಂಗವೈಕಲ್ಯವಿರುವ ಮಗುವೆಂದು ಪರಿಗಣಿಸುವಂತಿಲ್ಲ. ಕನ್ನಡದಲ್ಲಿ ಇಂಗ್ಲಿಷಿನ ‘ಎ’, ‘ದ’ಗಳಂತಹ ಪದಗಳಿಲ್ಲ, ಅವುಗಳನ್ನು ಬಿಟ್ಟು ಮಾತನಾಡುವ ಮಗುವಿಗೆ ಭಾಷಾ ದೋಷವಿದೆಯೆಂದು ಹೇಳಲಾಗದು. ಐದು ವರ್ಷದ ಮಗುವಿಗೆ ಮನೆಯಲ್ಲಿ ಕೈತುತ್ತು ಹಾಕುವ ರೂಢಿಯಿದ್ದರೆ, ‘ತಾನೇ ಊಟ ಮಾಡುವುದೇ?’ ಎಂಬ ಪ್ರಶ್ನೆಗೆ ಬರುವ ‘ಇಲ್ಲ’ ಎಂಬ ಉತ್ತರ ಮಗುವಿನ ಸಾಮರ್ಥ್ಯಕ್ಕಿಂತ ಮನೆಯ ಪದ್ಧತಿಯನ್ನೇ ಹೇಳುತ್ತಿರಬಹುದು. ದುಭಾಷಿಯ ಮೂಲಕ ಪ್ರಶ್ನೆಗಳನ್ನು ಅನುವಾದಿಸಿ ಕೇಳಿದಾಗ, ಇಂಗ್ಲಿಷ್ ಮಾತನಾಡುವ ಮಕ್ಕಳಿಗಾಗಿ ರೂಪಿಸಿದ ಅಂಕಗಳ ಕೋಷ್ಟಕವನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ. ಇದರೊಡನೆ, ಎರಡು ಭಾಷೆಗಳ ನಡುವೆ ಬೆಳೆಯುತ್ತಿರುವುದರಿಂದಲೇ ಮಾತು ತಡವಾಗಿದೆ ಎಂದು ಭಾವಿಸಿ ನಿಜವಾದ ವಿಳಂಬವನ್ನು ಕಡೆಗಣಿಸುವ ಅಪಾಯವೂ ಇದೆ. ಮಗುವಿಗೆ ಕನ್ನಡದಲ್ಲಿಯೂ ಅದೇ ತೊಡಕಿದೆಯೇ ಎಂಬುದನ್ನು ಪೋಷಕರಿಂದ ತಿಳಿದುಕೊಳ್ಳುವುದು ಈ ಕಾರಣಕ್ಕಾಗಿ ಮುಖ್ಯವಾಗುತ್ತದೆ.