ಕಾಣದ ಕಾರಿಗೆ ಬೆಲೆ ಕಟ್ಟುವ ಮುನ್ನ

ತಯಾರಾಗಿ ಕನಿಷ್ಠ 30 ವರ್ಷವಾಗಿರುವ, ಚರಿತ್ರೆಗೆ ಸರಿಹೊಂದುವ ಸ್ಥಿತಿಯಲ್ಲಿ ಉಳಿದುಬಂದಿರುವ, ದಿನನಿತ್ಯದ ಓಡಾಟಕ್ಕೆ ಬಳಕೆಯಾಗದ ವಾಹನವನ್ನು ಚಾರಿತ್ರಿಕ ವಾಹನವೆಂದು 1966ರಲ್ಲಿ ಸ್ಥಾಪನೆಯಾದ ಫೀವಾ ಎಂಬ ಅಂತರರಾಷ್ಟ್ರೀಯ ಒಕ್ಕೂಟವು ಪರಿಗಣಿಸುತ್ತದೆ. ಈ ಅಳತೆಯಂತೆ ನೋಡಿದರೆ, ಅರಮನೆಗಳ ರೋಲ್ಸ್‌ರಾಯ್ಸ್‌ಗಳ ಜೊತೆಗೆ, ಸರ್ಕಾರಿ ಅಧಿಕಾರಿಗಳನ್ನೂ ವೈದ್ಯರನ್ನೂ ಮದುವೆಯ ದಿಬ್ಬಣಗಳನ್ನೂ ಹೊತ್ತು ತಿರುಗಿದ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳೂ ಇಂದು ಸಂಗ್ರಹಯೋಗ್ಯ ಕಾರುಗಳ ಸಾಲಿಗೆ ಬಂದಿವೆ. ಇವುಗಳಲ್ಲಿ ಅಂಬಾಸಡರ್ ಕೋಲ್ಕತ್ತದ ಬಳಿಯ ಉತ್ತರಪಾಡಾದಲ್ಲಿ, ಪದ್ಮಿನಿ ಮುಂಬಯಿಯ ಕುರ್ಲಾದಲ್ಲಿ, ಹೆರಾಲ್ಡ್ ಮದ್ರಾಸಿನಲ್ಲಿ ತಯಾರಾಗುತ್ತಿದ್ದವು. ಅವು ಮಾರಾಟವಾದದ್ದು ದೇಶದ ಉದ್ದಗಲಕ್ಕೂ ಆದ್ದರಿಂದ, ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ಹುಡುಕುವವನಿಗೆ ಬೇಕಾದ ವರ್ಷದ, ಬೇಕಾದ ಮಾದರಿಯ ಕಾರು ಸಿಗುವುದು ಹೆಚ್ಚಾಗಿ ಸಾವಿರಾರು ಕಿಲೋಮೀಟರ್ ಆಚೆಗೆ, ಅದೂ ಮೊದಲಿಗೆ ಫೋನಿನ ಪರದೆಯ ಮೇಲೆ.

ಇಂಥ ಖರೀದಿಯಲ್ಲಿ ಕಾನೂನಿನ ಆಸರೆ ಕಡಿಮೆ. 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್ನಿನ ಮೂಲತತ್ವದಂತೆ, ಕಾರು ಮಾರುವುದೇ ವೃತ್ತಿಯಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡಾಗ ಸರಕಿನ ಗುಣಮಟ್ಟದ ಬಗ್ಗೆ ಯಾವ ಭರವಸೆಯೂ ತಾನಾಗಿ ಒಪ್ಪಂದದೊಳಗೆ ಸೇರಿಕೊಳ್ಳುವುದಿಲ್ಲ. ನೋಡಿ ಕೊಳ್ಳುವ ಹೊಣೆ ಕೊಳ್ಳುವವನದೇ. ಆದರೆ ದೂರದಲ್ಲಿರುವವನು ನೋಡುವುದು ಹೇಗೆ? ಮಾರುವವನು ಕಳುಹಿಸುವ ಚಿತ್ರಗಳು ಹೊಳೆಯುವ ಬಣ್ಣವನ್ನೂ ಹೊಸದಾಗಿ ಹೊಲಿಸಿದ ಸೀಟುಗಳನ್ನೂ ತೋರಿಸುತ್ತವೆಯೇ ಹೊರತು ಕಾರಿನ ಬೆಲೆಯನ್ನು ನಿಜವಾಗಿ ತೀರ್ಮಾನಿಸುವ ತಳವನ್ನು ತೋರಿಸುವುದಿಲ್ಲ. ಕೆಲವೊಮ್ಮೆ ಚಿತ್ರದಲ್ಲಿರುವ ಕಾರು ಮಾರಲು ಕೂತವನದೇ ಆಗಿರುವುದಿಲ್ಲ, ಎಲ್ಲಿಂದಲೋ ಎತ್ತಿಕೊಂಡ ಚಿತ್ರ ತೋರಿಸಿ ಮುಂಗಡ ಪಡೆದು ಮಾಯವಾಗುವ ವಂಚನೆಗಳೂ ಉಂಟು. ಆದ್ದರಿಂದ ಕಾರಿರುವ ಊರಿನಲ್ಲಿ, ಕೊಳ್ಳುವವನ ಪರವಾಗಿ, ಜಾಣನೊಬ್ಬ ಅದನ್ನು ಮುಟ್ಟಿ ನೋಡಿ ಬರಹದಲ್ಲಿ ವರದಿ ಕೊಡುವ ಖರೀದಿಪೂರ್ವ ತಪಾಸಣೆಯು ಅತ್ಯಗತ್ಯವಾಗುತ್ತದೆ. ಟೋಕನ್ ಅಡ್ವಾನ್ಸ್ ಕೊಡಲೇಬೇಕಾದಲ್ಲಿ, ತಪಾಸಣೆಯಲ್ಲಿ ಕಾರು ಒಪ್ಪಿಗೆಯಾಗದಿದ್ದರೆ ಆ ಹಣ ಮರಳಬೇಕೆಂಬ ಷರತ್ತನ್ನು ಮೊದಲೇ ಬರೆಸಿಕೊಳ್ಳುವುದು ಲೇಸು.

ಆ ಜಾಣನನ್ನು ಆರಿಸುವುದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಕಂಪ್ಯೂಟರ್ ಜೋಡಿಸಿ ದೋಷ ಓದುವ ಇಂದಿನ ತಪಾಸಣಾ ಸಂಸ್ಥೆಗಳ ಪಟ್ಟಿಯಲ್ಲಿ ಎಷ್ಟೇ ಅಂಶಗಳಿರಲಿ, ಕಾರ್ಬ್ಯುರೇಟರ್ ಬಿಚ್ಚಿ ಗೊತ್ತಿಲ್ಲದವನಿಂದ ಹಳೆಯ ಕಾರಿಗೆ ಪ್ರಯೋಜನವಿಲ್ಲ. ಅದೇ ಮಾದರಿಯ ಹತ್ತಾರು ಕಾರುಗಳ ತಳದಲ್ಲಿ ಮಲಗಿ ಕೆಲಸ ಮಾಡಿದವನೇ ಬೇಕು. ಪದ್ಮಿನಿ ಟ್ಯಾಕ್ಸಿಗಳು ಮುಂಬಯಿಯ ರಸ್ತೆಗಳಿಂದ 2023ರ ಅಕ್ಟೋಬರ್‌ವರೆಗೂ ಪೂರ್ತಿ ಮರೆಯಾಗಿರಲಿಲ್ಲವಾದ್ದರಿಂದ ಅಲ್ಲಿ ಅವುಗಳನ್ನು ಬಲ್ಲ ಮೇಸ್ತ್ರಿಗಳು ಇಂದಿಗೂ ಇದ್ದಾರೆ. ಅಂಬಾಸಡರ್ ವಿಚಾರದಲ್ಲಿ ಕೋಲ್ಕತ್ತದ್ದೂ ಅದೇ ಮಾತು. ಪರಿಚಯವಿಲ್ಲದ ಊರಿನಲ್ಲಿ ಹಳೆ ಕಾರುಗಳ ಕ್ಲಬ್ಬಿನವರನ್ನು ವಿಚಾರಿಸಿದರೆ ಇಂಥವರ ಸುಳಿವು ಸಿಗುತ್ತದೆ. ಅವನು ಮಾರುವವನ ಖಾಯಂ ಮೆಕ್ಯಾನಿಕ್ ಆಗಿರಬಾರದು, ವ್ಯಾಪಾರ ಕುದುರಿದರೆ ಮಾತ್ರ ಕಮಿಷನ್ ಸಿಗುವ ದಲ್ಲಾಳಿಯಂತೂ ಆಗಲೇಬಾರದು; ಕಾರು ಕೊಂಡರೂ ಬಿಟ್ಟರೂ ಅವನ ಸಂಭಾವನೆ ಒಂದೇ ಎಂದು ಮೊದಲೇ ಮಾತಾಗಿದ್ದರೆ ಬೇಡವೆನ್ನುವ ಧೈರ್ಯ ಅವನಿಗಿರುತ್ತದೆ.

ತಪಾಸಣೆಯ ಹೆಚ್ಚಿನ ಹೊತ್ತು ಎಂಜಿನ್ನಿಗಲ್ಲ, ತಗಡಿಗೆ ಸಲ್ಲಬೇಕು. ಎಂಜಿನ್ ಸವೆದಿದ್ದರೆ ಬೋರ್ ಮಾಡಿಸಿ ಪಿಸ್ಟನ್, ಬೇರಿಂಗ್ ಬದಲಿಸಬಹುದು. ಒಳಗಿನಿಂದ ತುಕ್ಕು ತಿಂದ ಬಾಡಿಯನ್ನು ಸರಿಪಡಿಸಲು ತಿಂಗಳುಗಟ್ಟಲೆ ಟಿಂಕರಿಂಗ್ ಕೆಲಸ ಬೇಕಾಗುತ್ತದೆ ಮತ್ತು ಅದರ ಖರ್ಚು ಕಾರಿನ ಬೆಲೆಯನ್ನೇ ಮೀರಿಸಬಲ್ಲದು. ಅಂಬಾಸಡರ್ ಮತ್ತು ಪದ್ಮಿನಿ ಎರಡೂ ಮೊನೊಕಾಕ್ ರಚನೆಯವು, ಅಂದರೆ ಲಾರಿಗಿರುವಂಥ ಪ್ರತ್ಯೇಕ ಚಾಸಿ ಇವಕ್ಕಿಲ್ಲ. ಅಚ್ಚಿನಲ್ಲಿ ಒತ್ತಿ ಒಂದಕ್ಕೊಂದು ಬೆಸೆದ ತಗಡುಗಳೇ ಒಟ್ಟಾಗಿ ಭಾರ ಹೊರುತ್ತವೆ. ಹೀಗಾಗಿ ಬಾಗಿಲ ಕೆಳಗೆ ಉದ್ದಕ್ಕೂ ಹಾದುಹೋಗುವ ಪೆಟ್ಟಿಗೆಯಾಕಾರದ ಭಾಗ, ಕಾಲಿಡುವ ತಳ, ಹಿಂದಿನ ಲೀಫ್ ಸ್ಪ್ರಿಂಗ್‌ಗಳು ಬಾಡಿಗೆ ಕಚ್ಚಿಕೊಳ್ಳುವ ಜಾಗ, ಇವು ಸೊರಗಿದರೆ ಹೋಗುವುದು ಅಂದವಲ್ಲ, ಕಾರಿನ ಬೆನ್ನೆಲುಬು. ಹೆರಾಲ್ಡ್‌ನದು ಬೇರೆ ಬಗೆ: ಅದಕ್ಕೆ ಪ್ರತ್ಯೇಕ ಚಾಸಿಯಿದ್ದು ಬಾಡಿಯ ಭಾಗಗಳು ಬೋಲ್ಟಿನಿಂದ ಕೂಡಿಕೊಂಡಿರುತ್ತವೆ, ಆದ್ದರಿಂದ ಅಲ್ಲಿ ಮೊದಲು ನೋಡಬೇಕಾದದ್ದು ಚಾಸಿಯಿಂದ ಪಕ್ಕಕ್ಕೆ ಚಾಚಿ ಬಾಡಿಯನ್ನು ಹೊರುವ ತೋಳುಗಳನ್ನು. ಹೆರಾಲ್ಡ್ ನೋಡಲು ಹೋದವನು ಬಾಗಿಲ ಕೆಳಗಿನ ತಗಡಿಗೆ ಬೆದರಿ, ಪದ್ಮಿನಿ ನೋಡಲು ಹೋದವನು ಅದನ್ನೇ ಕಡೆಗಣಿಸಿ ಬಂದರೆ ಇಬ್ಬರೂ ದಾರಿ ತಪ್ಪಿದಂತೆಯೇ. ಮಾದರಿಯನ್ನು ಬಲ್ಲವನು ಬೇಕೆನ್ನುವುದು ಇದಕ್ಕಾಗಿಯೇ.

ತುಕ್ಕನ್ನು ಮುಚ್ಚುವ ವಿದ್ಯೆಯೂ ಹಳೆಯದು. ತೂತಾದ ತಗಡಿನ ಮೇಲೆ ಪುಟ್ಟಿ ಮೆತ್ತಿ, ಉಜ್ಜಿ ನಯಮಾಡಿ, ಬಣ್ಣ ಹೊಡೆದರೆ ಕಣ್ಣಿಗೆ ಏನೂ ತಿಳಿಯುವುದಿಲ್ಲ. ಆದರೆ ತೆಳು ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಮಡ್‌ಗಾರ್ಡಿನ ಅಂಚಿನಲ್ಲೂ ಬಾಗಿಲ ಕೆಳತುದಿಯಲ್ಲೂ ಆಡಿಸುತ್ತ ಹೋದರೆ, ಉಕ್ಕಿರುವಲ್ಲಿ ಅದು ಕಚ್ಚಿಕೊಂಡು, ಪುಟ್ಟಿ ದಪ್ಪವಾಗಿರುವಲ್ಲಿ ಸಡಿಲವಾಗಿ ಜಾರುತ್ತದೆ. ಅನುಭವಿಯಾದವನು ಮ್ಯಾಟ್ ಎತ್ತಿ ತಳವನ್ನು ಹೆಬ್ಬೆರಳಿನಿಂದ ಒತ್ತುತ್ತಾನೆ, ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟಿ ಸದ್ದು ಕೇಳುತ್ತಾನೆ. ಗಟ್ಟಿ ತಗಡಿನಿಂದ ಬರುವ ಟಣ್ ಎಂಬ ನಾದ ಕೊಳೆತ ತಗಡಿನಿಂದ ಬರುವುದಿಲ್ಲ. ಮುಂದಿನ ಹೆಜ್ಜೆ ಇನ್ನೂ ಮುಖ್ಯವಾದದ್ದು: ಜಾಕ್ ಕೊಡುವ ಜಾಗದಲ್ಲಿ ಒಂದು ಬದಿಯನ್ನು ಮೇಲಕ್ಕೆತ್ತಿ ಆ ಬದಿಯ ಬಾಗಿಲನ್ನು ತೆರೆದು ಮುಚ್ಚಿ ನೋಡಬೇಕು. ನೆಲದ ಮೇಲೆ ನಿಂತಾಗ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಈಗ ಬಿಗಿಯಾಗಿ ತಾಗತೊಡಗಿದರೆ ಮೊನೊಕಾಕ್ ಬಾಡಿ ಬಾಗುತ್ತಿದೆ ಎಂದೇ ಅರ್ಥ. ಜಾಕ್ ತಗಡಿನೊಳಕ್ಕೆ ಇಳಿದುಹೋದರಂತೂ ಬೇರೆ ಸಾಕ್ಷಿ ಬೇಕಿಲ್ಲ. ಮಾರಾಟಕ್ಕೆ ಮುನ್ನ ತಳಕ್ಕೆ ಹೊಸದಾಗಿ ಬಳಿದ ಕಪ್ಪು ಟಾರ್ ಲೇಪವೂ ಅನುಮಾನಕ್ಕೆ ಎಡೆಮಾಡುತ್ತದೆ. ಸಮುದ್ರದ ಉಪ್ಪುಗಾಳಿಗೆ ಒಡ್ಡಿಕೊಂಡೇ ಬಾಳಿದ ಕಾರಿನಲ್ಲಿ ಈ ಪರೀಕ್ಷೆಗಳೆಲ್ಲ ಇಮ್ಮಡಿ ನಿಷ್ಠೆಯಿಂದ ನಡೆಯಬೇಕು. ಮಂಗಳೂರು, ಉಡುಪಿಯ ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಎಂಜಿನ್ನಿನ ಪರೀಕ್ಷೆ ತಣ್ಣಗಿರುವಾಗಲೇ ಆರಂಭವಾಗಬೇಕು. ತಪಾಸಕ ಹೋದಾಗ ಬಾನೆಟ್ ಆಗಲೇ ಬೆಚ್ಚಗಿದ್ದರೆ, ಬೆಳಗಿನ ಸ್ಟಾರ್ಟಿಂಗ್ ತೊಂದರೆಯನ್ನು ಮರೆಮಾಚಲು ಯಾರೋ ಮೊದಲೇ ಓಡಿಸಿರಬಹುದು, ಆಗ ಕಾದು ಮತ್ತೆ ನೋಡುವುದೇ ಸರಿ. ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದನ್ನೂ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ನೀರು ಸಿಲಿಂಡರಿಗೆ ಇಳಿಯುತ್ತಿರುವುದನ್ನೂ, ಕಪ್ಪು ಹೊಗೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿರುವುದನ್ನೂ ಸೂಚಿಸುತ್ತವೆ. ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯುವ ಕಂಪ್ರೆಷನ್ ಪರೀಕ್ಷೆಯಿಂದ ಈ ಊಹೆಗಳಿಗೆ ಅಂಕಿಯ ಆಧಾರ ದೊರೆಯುತ್ತದೆ. ಸ್ಟಿಯರಿಂಗ್ ಪಕ್ಕದ ಹ್ಯಾಂಡ್ ಗೇರಿನ ಸಡಿಲ, ಕಿಂಗ್‌ಪಿನ್ ಸವೆತದಿಂದ ಚಕ್ರದಲ್ಲಿ ಕಾಣುವ ಆಟ, ಬ್ರೇಕ್ ಹಿಡಿದಾಗ ಒಂದು ಕಡೆಗೆ ಎಳೆಯುವುದು ಮೊದಲಾದವನ್ನು ವರದಿಯಲ್ಲಿ ಬರೆದರೆ ಸಾಕು, ಅವುಗಳಿಂದಾಗಿ ವ್ಯಾಪಾರ ಕೈಬಿಡಬೇಕಾಗಿಲ್ಲ. ಟೈರಿನ ಪಕ್ಕೆಯಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳನ್ನೂ ಓದಿಸಬೇಕು: 2309 ಎಂದಿದ್ದರೆ ಅದು 2009ರ 23ನೇ ವಾರದಲ್ಲಿ ತಯಾರಾದದ್ದು, ಮೇಲ್ಮೈ ಸವೆದಿಲ್ಲದಿದ್ದರೂ ರಬ್ಬರು ಮುದಿಯಾಗಿರುತ್ತದೆ.

ಇಷ್ಟಾದ ಮೇಲೆ ಕಾರಿನ ಗುರುತಿನ ಪ್ರಶ್ನೆ ಬರುತ್ತದೆ. ತಗಡಿನ ಮೇಲೆ ಕೆತ್ತಿದ ಚಾಸಿ ನಂಬರ್ ಮತ್ತು ಎಂಜಿನ್ ನಂಬರ್‌ಗಳು ಆರ್‌ಸಿಯಲ್ಲಿರುವುದರೊಂದಿಗೆ ಅಕ್ಷರಶಃ ಹೊಂದಬೇಕು. ಪೆಟ್ರೋಲ್ ದುಬಾರಿಯೆನಿಸಿದ ಕಾಲದಲ್ಲಿ ಅಂಬಾಸಡರ್‌ಗಳಿಗೆ ಬೇರೆ ವಾಹನಗಳ ಡೀಸೆಲ್ ಎಂಜಿನ್ ಕೂರಿಸಿದ್ದು ಅಪರೂಪವೇನಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಂಥ ಬದಲಾವಣೆಗೆ ಅನುಮತಿಯಿದ್ದು ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ವಿಂಟೇಜ್ ವಾಹನ ನಿಯಮಗಳು ಈ ಮೂಲತನಕ್ಕೆ ಕಾನೂನಿನ ತೂಕವನ್ನೂ ಕೊಟ್ಟಿವೆ: ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿಯಲ್ಲಾಗಲಿ ಬಾಡಿಯಲ್ಲಾಗಲಿ ಎಂಜಿನ್ನಿನಲ್ಲಾಗಲಿ ದೊಡ್ಡ ಮಾರ್ಪಾಡಾಗದ ವಾಹನಕ್ಕೆ 20,000 ರೂಪಾಯಿ ಶುಲ್ಕದ ಮೇಲೆ 10 ವರ್ಷದ ನೋಂದಣಿ ದೊರೆಯುತ್ತದೆ, ಹೊಸದಾಗಿ ಸಂಖ್ಯೆ ಪಡೆಯುವವುಗಳಲ್ಲಿ 'ವಿಎ' ಅಕ್ಷರಗಳಿರುತ್ತವೆ, ನಿತ್ಯದ ಓಡಾಟಕ್ಕೆ ಮಾತ್ರ ಅವಕಾಶವಿಲ್ಲ. ಈ ದಾರಿ ಹಿಡಿಯಬಯಸುವವನು ಕೊಳ್ಳುವ ಮೊದಲೇ ಮಾರ್ಪಾಡುಗಳ ಲೆಕ್ಕ ತಿಳಿದಿರಬೇಕು.

ಕಾಗದಪತ್ರದ ಪರಿಶೀಲನೆಯನ್ನು ಮೆಕ್ಯಾನಿಕ್‌ಗೆ ಒಪ್ಪಿಸುವುದು ತರವಲ್ಲ. ಅದು ಆ ಊರಿನ ಆರ್‌ಟಿಒ ಕಚೇರಿಯಲ್ಲೇ ಆಗಬೇಕಾದ ಕೆಲಸ. ಹಳೆಯ ಪುಸ್ತಕರೂಪದ ಆರ್‌ಸಿ ಇರುವ ಎಷ್ಟೋ ಕಾರುಗಳ ವಿವರ ಕೇಂದ್ರದ ವಾಹನ್ ದತ್ತಾಂಶದಲ್ಲಿ ಸೇರಿರುವುದೇ ಇಲ್ಲ, ಹಾಗಿದ್ದಲ್ಲಿ ಮೂಲ ಕಚೇರಿಯವರು ಬ್ಯಾಕ್‌ಲಾಗ್ ಎಂಟ್ರಿ ಮಾಡುವವರೆಗೆ ವರ್ಗಾವಣೆ ಮುಂದೆ ಸಾಗದು. 15 ವರ್ಷದ ನಂತರದ ನವೀಕರಣ ಆಗಿದೆಯೇ, ಬ್ಯಾಂಕಿನ ಸಾಲ ತೀರಿದ್ದು ದಾಖಲಾಗಿದೆಯೇ, ಆರ್‌ಸಿಯಲ್ಲಿ ಹೆಸರಿರುವವರು ಬದುಕಿದ್ದಾರೆಯೇ, ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಸಹಿ ಸಿಗುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ ತಿಳಿಯಬೇಕು. ಹೊರರಾಜ್ಯದ ಕಾರನ್ನು 12 ತಿಂಗಳಿಗೂ ಮೀರಿ ಕರ್ನಾಟಕದಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ನೋಂದಣಿ ಸಂಖ್ಯೆ ಬೇಕು, ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ ಬೇಕು.

ವರದಿಯಲ್ಲಿ 'ಚೆನ್ನಾಗಿದೆ', 'ಪರವಾಗಿಲ್ಲ' ಎಂಬ ಮಾತುಗಳಿಂದ ಏನೂ ಹೊರಡುವುದಿಲ್ಲ. ಹಗಲು ಬೆಳಕಿನಲ್ಲಿ ತೆಗೆದ ತಳದ ಚಿತ್ರಗಳು, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಗಳಿಗೆಯಿಂದ ಎಲ್ಲೂ ತುಂಡರಿಸದ ವಿಡಿಯೊ, ಅಯಸ್ಕಾಂತ ಜಾರಿದ ಜಾಗಗಳ ಗುರುತು, ಪ್ರತಿ ದೋಷದ ಎದುರು ರಿಪೇರಿಯ ಅಂದಾಜು ವೆಚ್ಚ ಇವೆಲ್ಲ ಇದ್ದರೆ ಅದನ್ನು ಮುಂದಿಟ್ಟುಕೊಂಡು ಬೆಲೆ ಮಾತಾಡಲು ಬರುತ್ತದೆ, ಮಾರುವವನಿಗೂ ಅದರಲ್ಲಿ ಅವಮಾನವೆನಿಸುವುದಿಲ್ಲ. ಒಪ್ಪಂದವಾದ ಮೇಲೂ, ವರ್ಷಗಟ್ಟಲೆ ನಿಂತಿದ್ದ ಕಾರನ್ನು ಊರಿನವರೆಗೆ ಓಡಿಸಿಕೊಂಡು ಬರುವ ಉತ್ಸಾಹವನ್ನು ತಡೆದು ಲಾರಿಯಲ್ಲಿ ತರಿಸುವುದೇ ಕ್ಷೇಮ. ಲೋಡ್ ಮಾಡುವ ದಿನ ಅದೇ ತಪಾಸಕನು ಮತ್ತೊಮ್ಮೆ ಹೋಗಿ, ಸ್ಪೀಡೋಮೀಟರ್, ಕಾರ್ಬ್ಯುರೇಟರ್, ಚಕ್ರದ ಕಪ್‌ಗಳು, ಬಾನೆಟ್ಟಿನ ಲಾಂಛನ ತಾನು ಮೊದಲು ಕಂಡವೇ ಎಂದು ತಾಳೆ ನೋಡಿ ಚಿತ್ರ ತೆಗೆದು ಕಳುಹಿಸಿದ ಬಳಿಕವೇ ಉಳಿದ ಹಣವನ್ನು ಪಾವತಿ ಮಾಡಬೇಕು.