ಕಾಳಿನ ಕೋಣೆಯ ಗೋಡೆಗೆ ಗಿಲಾವು ಮಾಡಿಸುವ ಮೊದಲು

ಸೇಡಂ ತಾಲೂಕಿನ ಮುಧೋಳ ಮತ್ತು ಅದರ ನೆರೆಯ ಗ್ರಾಮಗಳ ಹಳೆಯ ಮನೆಗಳಿಗೆ ಶಹಾಬಾದದ ಹಾಸುಗಲ್ಲಿನ ಗೋಡೆಗಳಿರುವವು. ಕಲ್ಲುಗಳ ನಡುವೆ ಕೆಸರನ್ನು ಹಾಕಿ ಕಟ್ಟಿರುವರು. ತೊಗರಿ ಜೋಳಗಳನ್ನಿಡುವ ಕೋಣೆಗೆ ಒಕ್ಕಲಿಗರು ಹಣ ವೆಚ್ಚಮಾಡಿ ಸಿಮೆಂಟಿನ ಗಿಲಾವು ಮಾಡಿಸುವರು. ಅನೇಕ ಕಡೆ ಅದು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಕ್ಕಳೆಯೆದ್ದು ಬೀಳುವದು. ಬಿರುಕುಗಳಲ್ಲಿ ಕಾಳಿನ ಹುಳು ಅಡಗುವದು, ಗೋಡೆಯ ಹಸಿಯಿಂದ ಬಿತ್ತುವ ಬೀಜವೇ ಮುಗ್ಗಿಹೋಗುವದು. ಆಗ ಸಿಮೆಂಟನ್ನು ದೂರುವದುಂಟು. ದೋಷವಾದರೋ ಬಹುಮಟ್ಟಿಗೆ ಗಿಲಾವಿನ ಹಿಂದಿನ ಗೋಡೆಯಲ್ಲಿರುವದು.

ಶಹಾಬಾದದ ಕಲ್ಲು ಸುಣ್ಣಗಲ್ಲಿನ ಜಾತಿಯದು. ಬಹು ಗಟ್ಟಿ, ನೀರನ್ನು ಅತ್ಯಲ್ಪವಾಗಿ ಹೀರುವದು. ಇಟ್ಟಿಗೆಯು ಗಾರೆಯನ್ನು ಹೀರಿ ಹಿಡಿದುಕೊಳ್ಳುವಂತೆ ಇದು ಹಿಡಿದುಕೊಳ್ಳಲಾರದು. ಆದುದರಿಂದ ಇಂಥ ಗೋಡೆಯಲ್ಲಿ ಗಿಲಾವಿಗೆ ಹಿಡಿತ ದೊರೆಯುವದು ಕಲ್ಲಿನ ಮುಖದಲ್ಲಲ್ಲ, ಸಂದುಗಳಲ್ಲಿ. ಸಂದಿನ ಸಡಿಲ ಕೆಸರನ್ನು ಕೊಕ್ಕೆಯಿಂದ ಸುಮಾರು ಒಂದು ಅಂಗುಲ ಆಳದವರೆಗೆ ಕೆದರಿ ತೆಗೆಯತಕ್ಕದ್ದು. ಗಚ್ಚಿನಲ್ಲಿ ಕಟ್ಟಿದ ಗೋಡೆಯಾದರೆ ಅರ್ಧ ಅಂಗುಲ ಸಾಕು. ಆದರೆ ಭಾರ ಹೊತ್ತ ಹಳೆಯ ಕೆಸರುಗೋಡೆಯನ್ನು ಒಂದೇ ದಿನ ಉದ್ದಕ್ಕೂ ಕೆದರುವದು ಅಪಾಯಕರ. ಸ್ವಲ್ಪ ಸ್ವಲ್ಪ ಭಾಗವನ್ನೇ ಕೆದರಿ ಗಾರೆ ತುಂಬುತ್ತ ಹೋಗುವದು ಲೇಸು. ಆಳವಾದ ಕುಳಿಗಳಿಗೆ ಕಲ್ಲಿನ ಚಕ್ಕೆಗಳನ್ನು ಸೇರಿಸಿ ಗಾರೆಯನ್ನು ಹಿಂದಿನ ದಿನವೇ ತುಂಬಿಡತಕ್ಕದ್ದು. ಬುಡದಲ್ಲಿಯ ಇಲಿಯ ಬಿಲಗಳಿಗೆ ಅದರೊಡನೆ ಒಡೆದ ಗಾಜನ್ನೂ ಕೂಡಿಸಬೇಕು.

ಹಳೆಯ ಸುಣ್ಣದ ಪದರು, ಒಲೆಯ ಮಸಿ, ಎಣ್ಣೆಯ ಜಿಡ್ಡು ಇವುಗಳ ಮೇಲೆ ಯಾವ ಗಾರೆಯೂ ನಿಲ್ಲದು. ಅವನ್ನು ಕೆರೆದು, ಮೇಲಿನಿಂದ ಕೆಳಗೆ ಧೂಳನ್ನು ಗುಡಿಸಿ ತೆಗೆಯಬೇಕು.

ಬುಡದಲ್ಲಿ ಬಿಳಿಯ ಉಪ್ಪು ಕಾಣಿಸಿದಲ್ಲಿ ಎಚ್ಚರ ಬೇಕು. ಅದನ್ನು ನೀರಿನಿಂದ ತೊಳೆದರೆ ಉಪ್ಪು ಕರಗಿ ಮರಳಿ ಗೋಡೆಯೊಳಕ್ಕೇ ಹೋಗುವದು. ಒಣ ಕುಂಚದಿಂದ ಉಜ್ಜಿ ದೂರ ಚೆಲ್ಲತಕ್ಕದ್ದು. ಉಪ್ಪನ್ನು ತರುವದು ನೆಲದ ಹಸಿ. ಎರೆಭೂಮಿಯು ಮಳೆಯ ನೀರನ್ನು ಬಹುಕಾಲ ಹಿಡಿದಿಡುವದರಿಂದ, ಹೊರಗಿನ ಮಣ್ಣು ಒಳನೆಲಕ್ಕಿಂತ ಎತ್ತರಕ್ಕೆ ಬೆಳೆದಿದ್ದರೆ ಅದನ್ನು ತೆಗೆದುಹಾಕಿ, ಮಾಳಿಗೆಯ ನೀರು ಗೋಡೆಯಿಂದ ದೂರ ಬೀಳುವಂತೆ ಮಾಡಬೇಕು. ಇದನ್ನು ಬಿಟ್ಟು ಸಿಮೆಂಟು ಬಳಿದರೆ ಹಸಿಯು ಒಳಗೇ ಸಿಕ್ಕಿಕೊಳ್ಳುವದು. ಕಲ್ಲಿನ ಗೋಡೆಗೆ ನೀರಿನ ಭಯವಿಲ್ಲವೆಂದು ತಿಳಿಯುವವರು, ಇದೇ ತಾಲೂಕಿನ ಮಳಖೇಡದ ಕೋಟೆಯ ಗೋಡೆಯ ಒಂದು ಭಾಗವು 2020ರ ಅಕ್ಟೋಬರದ ಅತಿವೃಷ್ಟಿಯಲ್ಲಿ ಕುಸಿದುದನ್ನು ನೆನೆಯಬಹುದು. ಬರಿಯ ಮಣ್ಣಿನ ಗೋಡೆಗಂತೂ ಸಿಮೆಂಟು ಹೊಂದದು. ಹಸಿಯಿಂದ ಮಣ್ಣು ಉಬ್ಬಿ ಕುಗ್ಗುವದು, ಸಿಮೆಂಟು ಬಾಗಲಾರದೆ ಬಿಟ್ಟುಕೊಳ್ಳುವದು. ಅದಕ್ಕೆ ಹೊಟ್ಟು ಬೆರೆಸಿದ ಮಣ್ಣಿನ ಗಿಲಾವೇ ತಕ್ಕದ್ದು. ಕೆಸರಿನಲ್ಲಿ ಕಟ್ಟಿದ ಕಲ್ಲುಗೋಡೆಗೂ ಹಸಿಯನ್ನು ಹೊರಬಿಡುವ ಸುಣ್ಣದ ಗಾರೆ ಸಿಮೆಂಟಿಗಿಂತ ಮೇಲು. ಶಹಾಬಾದ, ವಾಡಿಗಳಲ್ಲಿ ಸಿಮೆಂಟಿನ ಕಾರಖಾನೆಗಳು ನೆಲೆಗೊಂಡ ಬಳಿಕ ಜನರು ಇದನ್ನು ಮರೆತಿರುವರು.

ಗಿಲಾವಿಗೆ ಮೊದಲು ಗೋಡೆಯ ಮೇಲೆ ಒಂದು ಬೊಗಸೆ ನೀರು ಎರಚಿ ನೋಡತಕ್ಕದ್ದು. ಕೂಡಲೆ ಹೀರಿಕೊಂಡರೆ ಇನ್ನೂ ನೀರು ಚಿಮುಕಿಸಬೇಕು. ಇಲ್ಲವಾದರೆ ಗೋಡೆಯು ಗಾರೆಯ ನೀರನ್ನೇ ಹೀರುವದು. ಕಲ್ಲಿನ ಮೇಲೆ ನೀರು ಹರಿದಿಳಿದರೆ ಹೆಚ್ಚು ಹಾಕದೆ, ನಿಂತ ನೀರು ಆರುವವರೆಗೆ ತಾಳಬೇಕು. ಸಿಮೆಂಟಿನ ಗಿಲಾವೇ ಆಗಬೇಕಾದಲ್ಲಿ, ಒಂದು ಪಾಲು ಸಿಮೆಂಟಿಗೆ ಎರಡರಿಂದ ಮೂರು ಪಾಲು ದಪ್ಪ ಉಸುಕು ಕೂಡಿಸಿದ ತೆಳು ಗಾರೆಯನ್ನು ನುಣುಪು ಕಲ್ಲಿನ ಮೇಲೆ ಬೀಸಿ ಎರಚಿಸಿ, ಒಂದು ದಿನ ಹಸಿಯಾಗಿಟ್ಟು, ಅದು ಗಟ್ಟಿಯಾದ ಮೇಲೆ ಗಿಲಾವು ಹಚ್ಚಬೇಕು. ಎರಚಿದ ಗಾರೆಯನ್ನು ನುಣ್ಣಗೆ ಮಾಡಬಾರದು; ಅದರ ಒರಟುತನವೇ ಪ್ರಯೋಜನಕರ.

ಗುತ್ತಿಗೆ ಹಿಡಿದ ಗೌಂಡಿಗೆ ಕೂಲಿಯು ಬಳಿದ ಗೋಡೆಯ ಅಳತೆಯಿಂದ ಸಿಗುವದು, ಕೆದರಿದ ಸಂದಿನಿಂದಲ್ಲ. ಆದುದರಿಂದ ಕೆದರುವ, ಗುಡಿಸುವ ಕೆಲಸಕ್ಕೆ ಬೇರೆಯಾಗಿ ದಿನಗೂಲಿ ಕೊಟ್ಟು, ಮನೆಯ ಯಜಮಾನನು ಸಂದುಗಳಲ್ಲಿ ಬೆರಳಿಟ್ಟು ನೋಡಿದ ಮೇಲೆಯೇ ಗಾರೆ ಕಲಸಲು ಹೇಳತಕ್ಕದ್ದು.

ಈ ಕೆಲಸಕ್ಕೆ ದೀಪಾವಳಿಯ ನಂತರದ ದಿನಗಳು ತಕ್ಕವು. ಗೋಡೆಯು ಮಳೆಯ ಹಸಿಯನ್ನು ಬಿಟ್ಟಿರುವದು, ಬಿಸಿಲೂ ಸೌಮ್ಯವಾಗಿರುವದು. ಸಿಮೆಂಟಿಗೆ ಏಳೆಂಟು ದಿನ ನೀರು ಹಾಕಿ, ಬಾಗಿಲು ತೆರೆದಿಟ್ಟು ಒಣಗಿಸಿದರೆ ಹೊಸ ತೊಗರಿ ಬರುವ ವೇಳೆಗೆ ಕೋಣೆ ಸಿದ್ಧವಾಗುವದು. ಸುಣ್ಣದ ಗಿಲಾವು ನಿಧಾನವಾಗಿ ಆರುವದರಿಂದ ಅದನ್ನು ಮೊದಲ ವಾರದಲ್ಲಿಯೇ ಆರಂಭಿಸಬೇಕು. ಅಂಗೈಗೆ ತಂಪು ಹತ್ತುವವರೆಗೆ ಚೀಲಗಳನ್ನು ಒಳಗಿಡಕೂಡದು.