ವ್ಯಾಕ್ಯೂಮ್ ಕ್ಲೀನರ್ ಕೊಳ್ಳುವ ಮುನ್ನ ನಿಮ್ಮ ಏದುಸಿರಿನ ಕಾರಣ ತಿಳಿಯಿರಿ



ಹಬ್ಬ ಹತ್ತಿರ ಬಂತೆಂದರೆ ನನ್ನ ಮೊಬೈಲಿಗೆ ಒಂದೇ ಪ್ರಶ್ನೆ ಹಲವರಿಂದ ಬರುತ್ತದೆ: "ಡಾಕ್ಟ್ರೇ, ಕಸ ಗುಡಿಸಿದರೆ ಏದುಸಿರು ಬರುತ್ತೆ. ವ್ಯಾಕ್ಯೂಮ್ ಕ್ಲೀನರ್ ತಗೊಳ್ಳೋಣ ಅಂತಿದೀನಿ, ಯಾವುದು ಒಳ್ಳೇದು?" ಹೃದಯದ ಡಾಕ್ಟರನ್ನು ಇದೆಲ್ಲ ಯಾಕೆ ಕೇಳುತ್ತಾರಪ್ಪ ಎಂದು ಮೊದಲು ನಗು ಬರುತ್ತಿತ್ತು. ಈಗ ನಗುವುದಿಲ್ಲ. ಕಾರಣ, ನಮ್ಮ ಮನೆಯಲ್ಲೇ ನಡೆದದ್ದು.

ನಾವಿರುವುದು ಕೋಲ್ಕತ್ತದ ಸದರ್ನ್ ಅವೆನ್ಯೂನಲ್ಲಿ. ಕಾಗದದ ಮೇಲೆ ಇದರ ಹೆಸರು ಡಾ. ಮೇಘನಾದ ಸಹಾ ಸರಣಿ. ಪಕ್ಕದಲ್ಲೇ ರವೀಂದ್ರ ಸರೋವರ, ಸುತ್ತ ಮರಗಳು. ಇಷ್ಟು ಹಸಿರಿದ್ದರೂ ಚಳಿಗಾಲದಲ್ಲಿ ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಸಂಜೆ ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಊರಿನಿಂದ ಬಂದು ನಮ್ಮೊಂದಿಗಿದ್ದ ಅಮ್ಮನಿಗೆ 68 ವರ್ಷ, ಸಕ್ಕರೆ ಕಾಯಿಲೆ ಇದೆ. ಕೆಲಸದವರು ಬರದ ದಿನ ತಾವೇ ಪೊರಕೆ ಹಿಡಿಯುತ್ತಿದ್ದರು. ಎರಡು ಕೋಣೆ ಗುಡಿಸುವಷ್ಟರಲ್ಲಿ ಕುರ್ಚಿ ಹಿಡಿದು ನಿಲ್ಲುತ್ತಿದ್ದರು. "ಈ ಊರಿನ ಧೂಳು ಕಣೋ" ಎನ್ನುತ್ತಿದ್ದರು. ನಾನೂ ಹೌದೆಂದೆ. ಒಳ್ಳೆಯ ವ್ಯಾಕ್ಯೂಮ್ ಕ್ಲೀನರ್ ತಂದುಕೊಟ್ಟೆ. ಏದುಸಿರು ಕಡಿಮೆಯಾಯಿತು. ಮಗ ತಂದ ಯಂತ್ರದ ವಿಷಯ ಊರಿಗೆಲ್ಲ ಫೋನಿನಲ್ಲಿ ಹೋಯಿತು.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಹಾಸಿಗೆ ಎತ್ತಿ ಅದರಡಿಯ ಧೂಳು ತೆಗೆಯಲು ಹೋದ ಅಮ್ಮ ಮೈಯೆಲ್ಲ ಬೆವತು ಕುಳಿತುಬಿಟ್ಟರು. ಎದೆನೋವು ಇರಲಿಲ್ಲ, ದವಡೆ ನೋವು. ಆಂಜಿಯೋಗ್ರಾಂ ಮಾಡಿದಾಗ ಎರಡು ರಕ್ತನಾಳಗಳಲ್ಲಿ ಅಡಚಣೆ ಕಂಡಿತು. ಸ್ಟೆಂಟ್ ಹಾಕಿಸಿದೆವು, ಈಗ ಆರಾಮವಾಗಿದ್ದಾರೆ. ಆದರೆ ತಪ್ಪು ನನ್ನದೇ. ಬೇರೆಯವರ ತಾಯಿ ಬಂದು ಅದೇ ಮಾತು ಹೇಳಿದ್ದರೆ ಅಂದೇ ಇಸಿಜಿ ಮಾಡಿಸುತ್ತಿದ್ದೆ. ಯಂತ್ರ ಬಂದ ಮೇಲೆ ಅಮ್ಮ ಬಗ್ಗಿ ಗುಡಿಸುವ ಶ್ರಮ ತಪ್ಪಿತು. ಶ್ರಮ ತಪ್ಪಿದ್ದರಿಂದ ಲಕ್ಷಣ ಅಡಗಿತು. ರೋಗ ಮಾತ್ರ ಅಲ್ಲೇ ಇತ್ತು.

*ಧೂಳೋ? ಹೃದಯವೋ?*

ಧೂಳಿನ ಅಲರ್ಜಿಯಾದರೆ ಸಾಮಾನ್ಯವಾಗಿ ಸೀನು, ಮೂಗು-ಕಣ್ಣಿನಲ್ಲಿ ತುರಿಕೆ, ನೀರು, ಕೆಮ್ಮು ಇರುತ್ತದೆ. ಆಸ್ತಮಾ ಇದ್ದರೆ ಎದೆಯಲ್ಲಿ ಸುಯ್ ಸುಯ್ ಶಬ್ದ ಬರುತ್ತದೆ. ಬೇರೆಯವರು ಗುಡಿಸುವಾಗ ಸುಮ್ಮನೆ ಕುಳಿತಿದ್ದರೂ ತೊಂದರೆಯಾಗುತ್ತದೆ.

ಹೃದಯದ್ದಾದರೆ ಧೂಳಿಲ್ಲದ ಜಾಗದಲ್ಲೂ, ಮೆಟ್ಟಿಲು ಹತ್ತಿದಾಗ, ವೇಗವಾಗಿ ನಡೆದಾಗ ಅದೇ ಏದುಸಿರು ಬರುತ್ತದೆ. ನಿಂತರೆ ಕೆಲವು ನಿಮಿಷಗಳಲ್ಲಿ ಇಳಿಯುತ್ತದೆ. ಎದೆ ಭಾರ, ದವಡೆ, ತೋಳು ಅಥವಾ ಬೆನ್ನಿನ ನೋವು, ಬೆವರು, ವಾಕರಿಕೆ ಜೊತೆಗಿರಬಹುದು. ಚಪ್ಪಟೆಯಾಗಿ ಮಲಗಿದರೆ ಉಸಿರು ಕಟ್ಟುವುದು, ಕಾಲು ಊದುವುದು ಹೃದಯ ದುರ್ಬಲವಾಗಿರುವ ಸೂಚನೆ ಇರಬಹುದು. ಮಹಿಳೆಯರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರಿಯ ಏದುಸಿರು, ಸುಸ್ತು ಮಾತ್ರ ಇರುವುದುಂಟು.

ಎರಡೂ ಒಟ್ಟಿಗೇ ಇರಲೂಬಹುದು. ಆದ್ದರಿಂದ ಮನೆಕೆಲಸದಲ್ಲಿ ಹೊಸದಾಗಿ ಏದುಸಿರು ಶುರುವಾಗಿದ್ದರೆ ಮೊದಲು ವೈದ್ಯರನ್ನು ನೋಡಿ, ಆಮೇಲೆ ಅಂಗಡಿಗೆ ಹೋಗಿ. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತೆ ಬೇಡ, ಬೇಕಾದರೆ ಎಕೋ, ಟ್ರೆಡ್‌ಮಿಲ್ ಪರೀಕ್ಷೆಯನ್ನು ಅವರು ಹೇಳುತ್ತಾರೆ.

*ಕೊಳ್ಳುವಾಗ ನೋಡಬೇಕಾದ್ದು*

1907ರಲ್ಲಿ ಅಮೆರಿಕದ ಓಹಾಯೋದಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬ ಕಟ್ಟಡ ಶುಚಿ ಮಾಡುವ ನೌಕರ, ಗುಡಿಸುವ ಧೂಳಿನಿಂದ ತನ್ನ ಆಸ್ತಮಾ ಕೆರಳುತ್ತದೆಂದು ಫ್ಯಾನ್ ಮೋಟರ್, ದಿಂಬಿನ ಚೀಲ, ಪೊರಕೆ ಹಿಡಿಗಳನ್ನು ಜೋಡಿಸಿ ಎತ್ತಿ ಒಯ್ಯಬಹುದಾದ ವಿದ್ಯುತ್ ಕ್ಲೀನರ್ ಮಾಡಿಕೊಂಡ. ಅವನಿಗೆ ಬೇಕಿದ್ದದ್ದು ಧೂಳು ಮತ್ತೆ ಮೂಗಿಗೆ ಬಾರದಿರುವುದು. ನಮಗೂ ಬೇಕಿರುವುದು ಅದೇ.

1. *ವಾಟ್ ನೋಡಿ ಮರುಳಾಗಬೇಡಿ.* ವಾಟ್ ಎಂದರೆ ಯಂತ್ರ ತಿನ್ನುವ ಕರೆಂಟು, ಎಳೆಯುವ ಶಕ್ತಿಯಲ್ಲ. ಯೂರೋಪಿನಲ್ಲಿ 2017ರಿಂದ 900 ವಾಟ್‌ಗಿಂತ ಹೆಚ್ಚಿನ ಮನೆಬಳಕೆಯ ಕ್ಲೀನರ್ ಮಾರುಕಟ್ಟೆಗೆ ಬರುವಂತಿಲ್ಲ, ಆದರೂ ಅಲ್ಲಿನ ಮನೆಗಳು ಶುಚಿಯಾಗಿಯೇ ಇವೆ.

2. *ಹಿಂದಿನಿಂದ ಹೊರಬರುವ ಗಾಳಿ ಮುಖ್ಯ.* ಫಿಲ್ಟರ್ ಸರಿಯಿಲ್ಲದಿದ್ದರೆ ಮುಂದಿನಿಂದ ಎಳೆದ ಸಣ್ಣ ಧೂಳು ಹಿಂದಿನಿಂದ ಕೋಣೆಗೇ ಬರುತ್ತದೆ. ಹೆಪಾ ಫಿಲ್ಟರ್ 0.3 ಮೈಕ್ರಾನ್ ಕಣಗಳಲ್ಲಿ 99.97% ಹಿಡಿಯಬೇಕು ಎನ್ನುವುದು ಅಮೆರಿಕದ ಮಾನದಂಡ. ಎಚ್13 ಎಂಬ ಯೂರೋಪಿನ ದರ್ಜೆ ಸಿಕ್ಕರೂ ಒಳ್ಳೆಯದು. "ಹೆಪಾ ಮಾದರಿ" ಎಂದಷ್ಟೇ ಬರೆದಿದ್ದರೆ ದರ್ಜೆ ಯಾವುದೆಂದು ಕೇಳಿ.

3. *ಅಲರ್ಜಿ ಇದ್ದರೆ ಚೀಲದ ಯಂತ್ರ.* ಚೀಲವನ್ನು ಹಾಗೇ ತೆಗೆದು ಎಸೆಯಬಹುದು. ಡಬ್ಬಿಯದನ್ನು ಕೊಡವುವಾಗ ಧೂಳು ಮುಖಕ್ಕೇ ಬರುತ್ತದೆ.

4. *ಎತ್ತಿ ನೋಡಿ.* ಹಿರಿಯರು ಬಳಸುವುದಾದರೆ ಅಂಗಡಿಯಲ್ಲಿ ಅವರ ಕೈಯಲ್ಲೇ ಎತ್ತಿಸಿ, ತಳ್ಳಿಸಿ ನೋಡಿ.

ನಿಮ್ಮ ಮನೆಯಲ್ಲಿ ಕಾರ್ಪೆಟ್ ಇಲ್ಲದೆ ಬರೀ ಟೈಲ್ಸ್ ಇದ್ದರೆ ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿದರೂ ಸಾಕು, ಸಾಲ ಮಾಡಿ ಕೊಳ್ಳಬೇಡಿ. ಯಂತ್ರದ ನಿಜವಾದ ಉಪಯೋಗ ಹಾಸಿಗೆ, ಸೋಫಾ, ಪರದೆ, ಕಾರ್ಪೆಟ್‌ಗಳಲ್ಲಿ.

*ಬಳಸುವಾಗ*

• ಕಿಟಕಿ ತೆರೆದು, ಮಾಸ್ಕ್ ಹಾಕಿ ನಿಧಾನವಾಗಿ ಎಳೆಯಿರಿ. ಆಸ್ತಮಾ ಇರುವವರು ಆ ಹೊತ್ತು ಬೇರೆ ಕೋಣೆಯಲ್ಲಿರಲಿ.

• ಧೂಳಿನ ಡಬ್ಬಿ ಖಾಲಿ ಮಾಡುವ ಕೆಲಸ ಹೆಚ್ಚಾಗಿ ಮನೆಕೆಲಸದವರ ಪಾಲಿಗೆ ಬರುತ್ತದೆ. ಅವರಿಗೂ ಶ್ವಾಸಕೋಶವಿದೆ, ಮಾಸ್ಕ್ ಕೊಡಿ.

• ಫಿಲ್ಟರ್ ಕಟ್ಟಿದರೆ ಎಳೆತ ಕುಗ್ಗುತ್ತದೆ. ತೊಳೆಯುವಂಥದ್ದಾದರೆ ಪೂರ್ತಿ ಒಣಗಿಸಿ ಹಾಕಿ, ತೇವ ಉಳಿದರೆ ಬೂಸ್ಟು ಬರುತ್ತದೆ.

• ಕೋಲ್ಕತ್ತ, ಮಂಗಳೂರಿನಂಥ ತೇವದ ಊರುಗಳಲ್ಲಿ ಹಾಸಿಗೆಯಲ್ಲಿ ಧೂಳಿನ ಹುಳುಗಳು ಚೆನ್ನಾಗಿ ಬೆಳೆಯುತ್ತವೆ. ಯಂತ್ರವೊಂದೇ ಸಾಲದು, ಹೊದಿಕೆಗಳನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ.

ಇನ್ನೊಂದು ಮಾತು. ಹೃದಯಕ್ಕೆ ಕೆಡುಕು ಮಾಡುವುದು ಮುಖ್ಯವಾಗಿ ಪಿಎಂ 2.5 ಎಂಬ, ಗಾಳಿಯಲ್ಲಿ ತೇಲುವ ಅತಿಸಣ್ಣ ಕಣಗಳು. ಒಂದು ದಿನದ ಸರಾಸರಿ ಘನ ಮೀಟರಿಗೆ 15 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ದೇಶದ ಮಿತಿ 60. ವಾಹನದ ಹೊಗೆ, ಒಗ್ಗರಣೆಯ ಹೊಗೆ, ಅಗರಬತ್ತಿ, ಸೊಳ್ಳೆ ಕಾಯಿಲ್ ಇವೆಲ್ಲ ಅದರ ಮೂಲ. ನೆಲದ ಧೂಳು ತೆಗೆಯುವ ಯಂತ್ರ ಅದಕ್ಕೆ ಮದ್ದಲ್ಲ.

*ಇವರು ಎಚ್ಚರ*

• ಬೈಪಾಸ್ ಆದವರು: ಎದೆಮೂಳೆ ಕೂಡುವವರೆಗೆ, ಸಾಮಾನ್ಯವಾಗಿ 6ರಿಂದ 12 ವಾರ, ತಳ್ಳುವ-ಎಳೆಯುವ ಕೆಲಸ ಬೇಡ. ಸರ್ಜನ್ ಒಪ್ಪಿದ ಮೇಲೆ ಶುರುಮಾಡಿ.

• ಪೇಸ್‌ಮೇಕರ್ ಇರುವವರು: ಕ್ಲೀನರ್ ಬಳಸಬಹುದು. ಮೋಟರ್ ಭಾಗ ಪೇಸ್‌ಮೇಕರ್‌ನಿಂದ ಕನಿಷ್ಠ 15 ಸೆಂ.ಮೀ. ದೂರವಿರಲಿ, ಎದೆಗೆ ಅವಚಿಕೊಂಡು ಎತ್ತಬೇಡಿ.

• ಬಿಪಿ ಮಾತ್ರೆ ತೆಗೆದುಕೊಳ್ಳುವವರು: ಸ್ಟೂಲ್ ಹತ್ತಿ ಫ್ಯಾನ್ ಒರೆಸುವ ಸಾಹಸ ಬೇಡ, ತಲೆ ಸುತ್ತಿ ಬೀಳಬಹುದು.

ಕೆಲಸದ ನಡುವೆ ಎದೆ, ದವಡೆ, ತೋಳಿನಲ್ಲಿ ನೋವು ಬಂದು ಬೆವತರೆ ಸ್ವಿಚ್ ಆರಿಸಿ ಕುಳಿತುಬಿಡಿ. "ಗ್ಯಾಸ್ ಇರಬೇಕು" ಎಂದು ಕಾಯದೆ ಆಂಬುಲೆನ್ಸ್ ಕರೆಯಿರಿ: ಕರ್ನಾಟಕದಲ್ಲಿ 108, ದೇಶದ ಎಲ್ಲೆಡೆ 112.

ನಮ್ಮ ಮನೆಯ ಯಂತ್ರ ಇನ್ನೂ ಇದೆ. ಆಯುಧಪೂಜೆಗೆ ಅಮ್ಮ ಅದಕ್ಕೂ ಕುಂಕುಮ ಹಚ್ಚುತ್ತಾರೆ. ಅದನ್ನು ಓಡಿಸುವುದು ಮಾತ್ರ ಈಗ ನಾನು.

ಇಂದು ಸಂಜೆ ನಿಮ್ಮ ತಾಯಿಗೆ ಫೋನ್ ಮಾಡಿ, "ಮನೆ ಗುಡಿಸುವಾಗ ನಡುವೆ ನಿಲ್ಲಬೇಕಾಗುತ್ತಾ?" ಎಂದು ಕೇಳಿ. ಹೌದು ಎಂದರೆ, ಧೂಳು ಎಂದು ಬಿಟ್ಟುಬಿಡಬೇಡಿ.

— ಹೃದ್ರೋಗ ತಜ್ಞ, ಎಂ.ಡಿ., ಸದರ್ನ್ ಅವೆನ್ಯೂ, ಕೋಲ್ಕತ್ತ

(ಉಪಯುಕ್ತ ಎನಿಸಿದರೆ ನಿಮ್ಮ ಬಳಗದವರಿಗೂ ಕಳುಹಿಸಿ. ಇದು ಸಾಮಾನ್ಯ ಮಾಹಿತಿ, ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ.)